ತಿಂಗಳ ನಿರುದ್ಯೋಗ ದರ ಮುಖಪುಟದ ಸುದ್ದಿಯಾಗಬೇಕೇ?

ಪರ

ಸಮೀಕ್ಷೆಯ ವಾರದಲ್ಲಿ ಒಂದೇ ಒಂದು ಗಂಟೆ ದುಡಿದಿದ್ದರೂ ಆತ ಉದ್ಯೋಗಿ. ‘ಇದೆಂಥ ಲೆಕ್ಕ’ ಎಂದು ಜನ ಮೂಗು ಮುರಿಯುವುದು ಸಹಜವೇ. ಆದರೆ ಇದು ಯಾವ ಸರ್ಕಾರದ ಕೈಚಳಕವೂ ಅಲ್ಲ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮಾನದಂಡ. ಚಿಲ್ಲರೆ ದುಡಿಮೆಯೂ ಲೆಕ್ಕ ತಪ್ಪಬಾರದು ಎಂಬುದು ಅದರ ಉದ್ದೇಶ. ನಿರುದ್ಯೋಗಿ ಎನಿಸಿಕೊಳ್ಳಲು ಷರತ್ತು ಮೂರು: ಕೆಲಸ ಇರಬಾರದು, ಹುಡುಕುತ್ತಿರಬೇಕು, ಸಿಕ್ಕರೆ ಸೇರಲು ಸಿದ್ಧವಿರಬೇಕು. ಕೋಲು ಗಿಡ್ಡದೇ ಇರಲಿ, ಪ್ರತಿ ತಿಂಗಳೂ ಅದೇ ಕೋಲಿನಲ್ಲಿ ಅಳೆದರೆ ಏರಿಳಿತ ತಿಳಿಯುತ್ತದೆ.

ಅಂಕಿ ಎಡವಿದರೂ ಬಯಲಲ್ಲೇ ಎಡವುತ್ತದೆ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ನಿರುದ್ಯೋಗ ದರ ಶೇ 14.7. ಕೊರೊನಾದಿಂದ ಕೆಲಸ ನಿಂತು ಮನೆಯಲ್ಲಿದ್ದ ಅನೇಕರನ್ನು ‘ಉದ್ಯೋಗವಿದೆ, ಗೈರುಹಾಜರು’ ಎಂದು ಬರೆದುಕೊಳ್ಳಲಾಗಿತ್ತು. ಅವರನ್ನು ಸರಿಯಾದ ಕಾಲಂಗೆ ಹಾಕಿದ್ದರೆ ದರಕ್ಕೆ ಇನ್ನೂ ಸುಮಾರು 5 ಶೇಕಡಾ ಅಂಶ ಸೇರುತ್ತಿತ್ತು. ಇದನ್ನು ಪತ್ತೆ ಹಚ್ಚಿದ್ದು ಪತ್ರಕರ್ತರಲ್ಲ. ಅಂಕಿ ಪ್ರಕಟಿಸಿದ ಇಲಾಖೆಯೇ ಅದೇ ವರದಿಯಲ್ಲಿ ಹೇಳಿತ್ತು. ಕೊನೆಯ ಪುಟದವರೆಗೆ ಓದುವ ತಾಳ್ಮೆಯಷ್ಟೇ ಬೇಕಿತ್ತು.

ಅಂಕಿಯನ್ನು ಮುಖಪುಟದಿಂದ ಕಿತ್ತರೆ ಅಲ್ಲಿ ಬಂದು ಕೂರುವುದು ಉದ್ಯೋಗ ಮೇಳದ ಉದ್ದನೆಯ ಸಾಲಿನ ಫೋಟೊ. ಆ ಸಾಲು ಕಳೆದ ವರ್ಷಕ್ಕಿಂತ ಉದ್ದವೋ ಗಿಡ್ಡವೋ, ಹೇಳುವವರಾರು?

ವಿರೋಧ

ಕೋಲು ಅದೇ ಎನ್ನುವುದು ಅರ್ಧ ಸತ್ಯ. ಉದ್ಯೋಗ–ನಿರುದ್ಯೋಗ ಅಳೆಯುವ ಕೇಂದ್ರ ಸರ್ಕಾರದ ಶ್ರಮಬಲ ಸಮೀಕ್ಷೆಯ (ಪಿಎಲ್‌ಎಫ್‌ಎಸ್) 2023–24ರ ವರದಿಯನ್ನೇ ನೋಡಿ. ಇಡೀ ವರ್ಷದ ಸ್ಥಿತಿ ಕೇಳಿದರೆ ನಿರುದ್ಯೋಗ ಶೇ 3.2, ಕಳೆದ ಏಳು ದಿನಗಳದ್ದು ಕೇಳಿದರೆ ಶೇ 4.9. ಅದೇ ಸಮೀಕ್ಷೆ, ಅದೇ ವರ್ಷ. ತಿಂಗಳ ಬುಲೆಟಿನ್ ಬರುವುದು ಏಳು ದಿನಗಳ ಲೆಕ್ಕದಲ್ಲಿ. ಅದನ್ನು ಶೇ 3.2ರ ಪಕ್ಕ ಇಟ್ಟು ‘ಭಾರಿ ಏರಿಕೆ’ ಎಂದು ಬರೆದರೆ ಓದುಗನಿಗೆ ಟೋಪಿ ಹಾಕಿದಂತೆ.

ಋತುವಿನ ತಕರಾರು ಬೇರೆ. 2025ರ ಏಪ್ರಿಲ್‌ನಲ್ಲಿ ಶೇ 5.1 ಇದ್ದ ದರ ಮೇನಲ್ಲಿ ಶೇ 5.6 ಆಯಿತು. ಹಿಂಗಾರು ಕೊಯ್ಲು ಮುಗಿದ ಮೇಲೆ ಹೊಲದಲ್ಲಿ ಕೆಲಸ ಕಡಿಮೆಯಾಗುವುದು ಹೊಸದೇನಲ್ಲ. ಹೋಲಿಸಬೇಕಾದದ್ದು ಹಿಂದಿನ ವರ್ಷದ ಮೇ ಜೊತೆ. ಮಾಸಿಕ ಸರಣಿ ಶುರುವಾದದ್ದೇ ಆ ಏಪ್ರಿಲ್‌ನಿಂದಾದ್ದರಿಂದ ಆ ಅಂಕಿಯೇ ಇರಲಿಲ್ಲ.

ಇದಕ್ಕಿಂತ ಕೆಟ್ಟದ್ದು ಛೇದದ ಆಟ. ನೂರು ಜನರಲ್ಲಿ 54 ಮಂದಿಗೆ ಕೆಲಸವಿದೆ, 6 ಮಂದಿ ಹುಡುಕುತ್ತಿದ್ದಾರೆ ಎನ್ನಿ. ಇಬ್ಬರನ್ನೂ ಕೂಡಿಸಿದರೆ ಶ್ರಮಬಲ 60; ದರದ ಛೇದ ಇದೇ, ಹಾಗಾಗಿ ನಿರುದ್ಯೋಗ ಶೇ 10. ಆ ಆರರಲ್ಲಿ ಇಬ್ಬರು ಬೇಸತ್ತು ಹುಡುಕಾಟ ಬಿಟ್ಟರೆ ಶ್ರಮಬಲ 58, ನಿರುದ್ಯೋಗಿಗಳು 4, ದರ ಶೇ 6.9. ಒಬ್ಬರಿಗೂ ಹೊಸ ಕೆಲಸ ಸಿಕ್ಕಿಲ್ಲ. ಶೀರ್ಷಿಕೆ ಮಾತ್ರ ‘ನಿರುದ್ಯೋಗ ಇಳಿಕೆ’. ದರ ಶೇ 4ರಿಂದ 5ಕ್ಕೆ ಹೋದಾಗ ‘ಶೇ 1 ಹೆಚ್ಚಳ’ ಎನ್ನುವವರ ಬಗ್ಗೆ ಹೇಳುವುದೇ ಬೇಡ, ಹೆಚ್ಚಿದ್ದು ಒಂದು ಶೇಕಡಾ ಅಂಶ, ಅಂದರೆ ಮೊದಲಿದ್ದುದರ ಶೇ 25.

ಪರಿಷ್ಕರಣೆಯಂತೂ ಒಳಪುಟದ ಮೂಲೆಗೇ ಮೀಸಲು. 2024ರ ಮಾರ್ಚ್‌ವರೆಗಿನ ವರ್ಷದಲ್ಲಿ ಅಮೆರಿಕದ ಉದ್ಯೋಗ ಹೆಚ್ಚಳವನ್ನು 8.18 ಲಕ್ಷದಷ್ಟು ಜಾಸ್ತಿ ಎಣಿಸಲಾಗಿತ್ತೆಂದು ಅದೇ ಆಗಸ್ಟ್‌ನಲ್ಲಿ ಪ್ರಾಥಮಿಕ ಅಂದಾಜು ಬಂತು. ಅಂತಿಮ ಲೆಕ್ಕದಲ್ಲಿ ಅದೂ ಸುಮಾರು 6 ಲಕ್ಷಕ್ಕೆ ಇಳಿಯಿತು. ತಿದ್ದುಪಡಿಗೇ ತಿದ್ದುಪಡಿ! ಮುಖಪುಟದಲ್ಲಿ ಹಾಕಿಯೇ ತೀರುತ್ತೇವೆಂದರೆ ದರದ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ನೂರರಲ್ಲಿ ಎಷ್ಟು ಮಂದಿಗೆ ಕೆಲಸವಿದೆ ಎಂಬುದನ್ನೂ ಹಿಂದಿನ ತಿಂಗಳ ಪರಿಷ್ಕೃತ ಅಂಕಿಯನ್ನೂ ಹಾಕಲಿ.