ದೊಡ್ಡಪ್ಪನ ಹೋಟೆಲು ಮುಚ್ಚಿದ್ದಕ್ಕೆ ನನಗೆ ಬೇಸರವಿಲ್ಲ

ಕಾಸರಗೋಡಿನ ಪೆರ್ಲದ ಹತ್ತಿರದ ನಮ್ಮ ದೊಡ್ಡಪ್ಪನ ಹೋಟೆಲು ಮುಚ್ಚಿತು ಅಂತ ಗೊತ್ತಾದದ್ದೇ ತಡ, ಫೇಸ್‌ಬುಕ್ಕಿನಲ್ಲಿ ಕಣ್ಣೀರೋ ಕಣ್ಣೀರು. "ಮಗ ನಡೆಸಬಹುದಿತ್ತು" ಅಂತ ಬರೆದವರೇ ಜಾಸ್ತಿ. ಅವರಲ್ಲಿ ಅರ್ಧಕ್ಕರ್ಧ ಜನ ಬೆಂಗಳೂರಿನಲ್ಲಿದ್ದಾರೆ, ಅದಿರಲಿ.

ಅಜ್ಜ ಹೋಟೆಲು ಶುರುಮಾಡಿದಾಗ ನಮ್ಮೂರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ಕ್ಕೆ ಕೇರಳವಾಯಿತು. ಆ ತಲೆಬಿಸಿ ಆರುವ ಮೊದಲೇ, 1957ರ ಏಪ್ರಿಲ್ 1ಕ್ಕೆ ರೂಪಾಯಿಗೆ ಹದಿನಾರಾಣೆಯ ಬದಲು ನೂರು ನಯಾಪೈಸೆಯ ಲೆಕ್ಕ ಬಂತು. ಒಂದಾಣೆಗೆ ಆರೂಕಾಲು ನಯಾಪೈಸೆ. ಕಾಲು ಪೈಸೆ ಎಲ್ಲಿಂದ ತರುವುದು? ಆರು ತಗೊಂಡರೆ ಅಜ್ಜನಿಗೆ ನಷ್ಟ, ಏಳು ಕೇಳಿದರೆ ಗಿರಾಕಿ ಜೊತೆ ಜಗಳ. ರಾಜ್ಯ ಬದಲಾದದ್ದಕ್ಕಿಂತ ಈ ಕಾಲು ಪೈಸೆಯ ಗಲಾಟೆಯೇ ಜೋರಿತ್ತಂತೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕು ಅಂತ 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿದಾಗ ಮಾತ್ರ ಬೆಂಚು ಬಿಟ್ಟು ಯಾರೂ ಏಳುತ್ತಿರಲಿಲ್ಲ. ಚಾ ಒಂದು, ಮಾತು ಎರಡು ಗಂಟೆ. ಚಾದ ದುಡ್ಡು ಅಡಿಕೆ ಮಾರಿದ ಮೇಲೆ.

ಇದೆಲ್ಲ ಬೆಂಚಿನ ಕಡೆಯ ಚರಿತ್ರೆ. ಊರಿಗೆಲ್ಲ ಬಾಯಿಪಾಠ.

ಒಳಗೆ ದೊಡ್ಡಮ್ಮ ಇದ್ದರು. ಬೆಳಗ್ಗಿನ ಮೊದಲ ಬಸ್ಸಿನವರಿಗೆ ದೋಸೆ ಆಗಬೇಕಾದರೆ ಹಿಂದಿನ ದಿನವೇ ಹಿಟ್ಟು ಕಡೆದಿಡಬೇಕು. ಗ್ರೈಂಡರ್ ಬರುವವರೆಗೆ ಅದೂ ಕೈಯಲ್ಲೇ. ಮಳೆಗಾಲದಲ್ಲಿ ಒದ್ದೆ ಸೌದೆ, ಹೊಗೆ, ಊದಿ ಊದಿ ಕೆಂಪಾದ ಕಣ್ಣು. ಸಂಜೆಗೆ ಗೋಳಿಬಜೆ. ಮೈದಾಕ್ಕೆ ಹುಳಿಮಜ್ಜಿಗೆ, ಶುಂಠಿ, ಹಸಿಮೆಣಸು, ಕಾಯಿಚೂರು ಹಾಕಿ ಚೆನ್ನಾಗಿ ಬಡಿದು, ಹೆಬ್ಬೆರಳಿನಿಂದ ಒಂದೊಂದೇ ಉಂಡೆ ಎಣ್ಣೆಗೆ ಜಾರಿಸುತ್ತಿದ್ದರು. ಎಣ್ಣೆ ಹಾರಿದ ಕಲೆಗಳು ಅವರ ಮಣಿಕಟ್ಟಿನಲ್ಲಿ ಈಗಲೂ ಇವೆ.

ಲೋಟ ತೊಳೆಯುವ ಹುಡುಗನಿಗೆ ಸಂಬಳ ಇತ್ತು. ಸೌದೆ ಒಡೆಯುವವನಿಗೆ ಕೂಲಿ ಇತ್ತು. ದೊಡ್ಡಮ್ಮನಿಗೆ? "ಮನೆಯವರಿಗೆ ಎಂತ ಸಂಬಳ" ಅಂತ ದೊಡ್ಡಪ್ಪ. ಒಳ್ಳೆ ಮನುಷ್ಯ, ಯಾರನ್ನೂ ಹಸಿದು ಕಳಿಸಿದವರಲ್ಲ. ಆದರೂ ಹೇಳಲೇಬೇಕು. "ಅಲ್ಲಿ ರೇಟು ಎಷ್ಟು ಕಡಿಮೆ ಮಾರಾಯ್ರೇ" ಅಂತ ನಾವು ಹೊಗಳುತ್ತಿದ್ದೆವಲ್ವಾ, ಆ ಕಡಿಮೆಯಾದ ದುಡ್ಡು ದೊಡ್ಡಮ್ಮನದ್ದು. ಹಾಗಾಗಿ ಮಗ ನಡೆಸಬಹುದಿತ್ತು ಅನ್ನುವವರು ಸೊಸೆಯನ್ನೂ ಒಂದು ಮಾತು ಕೇಳಲಿ. ಅವಳು ಕಾಸರಗೋಡಿಗೆ ಕೆಲಸಕ್ಕೆ ಹೋಗುತ್ತಾಳೆ, ತಿಂಗಳಿಗೆ ಸರಿಯಾಗಿ ಸಂಬಳ ಎಣಿಸುತ್ತಾಳೆ. ಅದನ್ನು ಬಿಟ್ಟು ಒಲೆ ಮುಂದೆ ಯಾಕೆ ಕೂರಬೇಕು? ಕೆಲಸಕ್ಕೆ ಜನ ಇಟ್ಟು ನಡೆಸೋಣ ಅಂದರೆ ಚಾಕ್ಕೆ ಎರಡು ರೂಪಾಯಿ ಏರಿಸಿದರೂ ಊರಲ್ಲಿ ಮುಖ ಊದಿಸಿಕೊಳ್ಳುತ್ತಾರೆ.

ಕೊನೆಗೆ ಮುಚ್ಚುವ ಮಾತು ತೆಗೆದದ್ದೂ ದೊಡ್ಡಮ್ಮನೇ. "ಎನ್ನಂದ ಇನ್ನು ಎಡಿಯ" (ನನ್ನಿಂದ ಇನ್ನು ಆಗದು) ಅಂದರು, ಅಷ್ಟೇ. ದೊಡ್ಡಪ್ಪ ಎರಡು ದಿನ ಮಾತು ಬಿಟ್ಟರು, ಆಮೇಲೆ ಒಪ್ಪಿದರು.

ಕಟ್ಟಡ ಈಗ ಮೊಬೈಲ್ ಅಂಗಡಿಗೆ ಬಾಡಿಗೆಗೆ ಹೋಗಿದೆ. ಬಾಡಿಗೆ ದೊಡ್ಡಮ್ಮನ ಖಾತೆಗೇ ಬೀಳುತ್ತದೆ. ಗೋಳಿಬಜೆ ನೆನಪಾಗುವವರು ಪೇಟೆಗೆ ಹೋಗಿ, ಅಲ್ಲಿ ಸಿಗುತ್ತದೆ. ಸುಮ್ನೆ ಮನೆಗೆ ಬಂದು "ಒಂದು ಪ್ಲೇಟು ಮಾಡಿಕೊಡಿ" ಅಂತ ಮಾತ್ರ ದೊಡ್ಡಮ್ಮನನ್ನು ಕೇಳಬೇಡಿ.