ಉಂಗುರದೊಳಗೆ ತೂರುವ ಶಾಲು, ಹೆಣೆದವರ ಕೈಗೆ ಬಂದ ಚಹಾಪುಡಿ

ತಾಯಿಯಿಂದ ಮಗಳಿಗೆ ಹರಿದುಬಂದ ಕಲೆ ಎಂದು ಯಾರಾದರೂ ಕೈಕಸುಬೊಂದನ್ನು ಕೊಂಡಾಡಿದಾಗಲೆಲ್ಲ, ಆ ತಾಯಿಗೂ ಮಗಳಿಗೂ ಅದರಿಂದ ದಕ್ಕಿದ್ದೇನು ಎಂದು ವಿಚಾರಿಸಬೇಕೆನಿಸುತ್ತದೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಲೇಸ್ ಹೆಣಿಗೆಯ ಚರಿತ್ರೆಯನ್ನು ಓದುವಾಗ ಈ ಪ್ರಶ್ನೆ ಇನ್ನಷ್ಟು ಬಲವಾಯಿತು.

ಅಲ್ಲಿನ ಉನ್ಸ್ಟ್ ದ್ವೀಪದ ಹೆಂಗಸರು ಕುರಿಯ ಕತ್ತಿನ ಸುತ್ತಲಿನ ಅತಿ ಮೃದುವಾದ ಉಣ್ಣೆಯನ್ನು ಕತ್ತರಿ ತಾಕಿಸದೆ ಕೈಯಿಂದಲೇ ಬಿಡಿಸಿಕೊಂಡು, ಕೂದಲೆಳೆಯಷ್ಟು ಸಣ್ಣಗೆ ನೂತು, ಆರು ಅಡಿ ಉದ್ದಗಲದ ಶಾಲನ್ನು ಹೆಣೆಯುತ್ತಿದ್ದರು. ಇಡೀ ಶಾಲು ಮದುವೆಯ ಉಂಗುರದೊಳಗೆ ತೂರಿ ಹೊರಬರುತ್ತಿತ್ತು. ಹೆಣಿಗೆಯ ಲೆಕ್ಕವೇನೋ ಸರಳ. ನೂಲನ್ನು ಕಡ್ಡಿಗೆ ಒಂದು ಸುತ್ತು ಹೆಚ್ಚಿಗೆ ಹಾಕಿದರೆ ಒಂದು ರಂಧ್ರವೂ ಒಂದು ಹೊಸ ಕುಣಿಕೆಯೂ ಹುಟ್ಟುತ್ತವೆ, ಹಾಗಾಗಿ ಆಸುಪಾಸಿನಲ್ಲೆಲ್ಲೋ ಎರಡು ಕುಣಿಕೆಗಳನ್ನು ಕೂಡಿಸಿ ಹೆಣೆದು ಸಂಖ್ಯೆಯನ್ನು ಸರಿದೂಗಿಸಬೇಕು. ಅಲೆ, ಜರೀಗಿಡದ ಎಲೆ, ಬೆಕ್ಕಿನ ಪಂಜ ಮುಂತಾದ ವಿನ್ಯಾಸಗಳೆಲ್ಲ ಇಷ್ಟರಿಂದಲೇ ಮೂಡಿದವು. ಕಡ್ಡಿಯಿಂದ ಇಳಿಸಿದ ಶಾಲು ಮುದುಡಿದ ಚಿಂದಿಯಂತೆ ಕಾಣುತ್ತದೆ. ಅದನ್ನು ತೊಳೆದು, ಅಂಚಿನ ಒಂದೊಂದು ಮೊನೆಗೂ ದಾರ ಪೋಣಿಸಿ, ಮರದ ಚೌಕಟ್ಟಿಗೆ ಬಿಗಿದು ಒಣಗಿಸಿದ ಮೇಲೆಯೇ ವಿನ್ಯಾಸ ಬಿಚ್ಚಿಕೊಳ್ಳುವುದು. ಕಾಲುಚೀಲವನ್ನಾದರೆ ಉರುವಲಿನ ಬುಟ್ಟಿಯನ್ನು ಬೆನ್ನಿಗೇರಿಸಿಕೊಂಡು ನಡೆಯುತ್ತಲೇ ಹೆಣೆಯುತ್ತಿದ್ದರು. (ಇದನ್ನೂ ಈಗಿನವರು ರಮ್ಯವೆಂದು ಬಣ್ಣಿಸುತ್ತಾರೆ, ಬುಟ್ಟಿಯ ಭಾರ ಅವರಿಗೆ ಗೊತ್ತಿಲ್ಲ.) ಲೇಸಿಗೆ ಮಾತ್ರ ಒಳ್ಳೆಯ ಬೆಳಕು, ಶುಭ್ರವಾದ ಕೈ, ಚದುರದ ಗಮನ ಬೇಕು.

ಲಂಡನ್ನಿನ 1851ರ ಮಹಾ ಪ್ರದರ್ಶನದಲ್ಲಿ ಶೆಟ್ಲೆಂಡಿನ ಹೆಣಿಗೆಗೆ ಸ್ಥಾನ ದೊರೆಯಿತು, ವಿಕ್ಟೋರಿಯಾ ರಾಣಿಯೂ ಮೆಚ್ಚಿದಳು. ಆದರೆ ಹೆಣೆದವರು ಶಾಲನ್ನು ವರ್ತಕರ ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಸಿಗುತ್ತಿದ್ದುದು ಚಹಾಪುಡಿ, ಬಟ್ಟೆ, ಇಲ್ಲವೇ ಅದೇ ಅಂಗಡಿಯಲ್ಲಿ ಸಾಮಾನು ಕೊಳ್ಳಲು ಒಂದು ಚೀಟಿ. 1872ರಲ್ಲಿ ಸರ್ಕಾರ ಈ ಪದ್ಧತಿಯ ವಿಚಾರಣೆ ನಡೆಸಿದಾಗ ದ್ವೀಪದ ಹೆಂಗಸರೇ ಸಾಕ್ಷಿ ನುಡಿದರು: ಮನೆಯಲ್ಲಿ ಹಿಟ್ಟಿಲ್ಲದಾಗ, ಕೂಲಿಯಾಗಿ ಬಂದ ಚಹಾಪುಡಿಯನ್ನೇ ನೆರೆಹೊರೆಯವರಿಗೆ ಕೊಟ್ಟು ಹಿಟ್ಟು, ಆಲೂಗಡ್ಡೆ ಪಡೆಯಬೇಕಾಗಿತ್ತು.

ಆದ್ದರಿಂದ 1970ರ ದಶಕದಲ್ಲಿ ಉತ್ತರ ಸಮುದ್ರದ ತೈಲೋದ್ಯಮ ಬಂದು ಸಂಬಳದ ಕೆಲಸಗಳು ದೊರೆತಾಗ ಅನೇಕರು ಕಡ್ಡಿ ಕೆಳಗಿಟ್ಟಿದ್ದನ್ನು ಪರಂಪರೆಗೆ ಬಗೆದ ದ್ರೋಹವೆಂದು ನಾನು ಒಪ್ಪಲಾರೆ. ಹೊಟ್ಟೆಪಾಡು ಕಲಿಸಿದ್ದನ್ನು ಹೊಟ್ಟೆಪಾಡೇ ಬಿಡಿಸಿತು. ಅಜ್ಜಿಯ ಪ್ರೀತಿಯಿಂದಲೇ ಕಸುಬು ಉಳಿಯುತ್ತದೆ ಎನ್ನುವವರು, ತಿಂಗಳುಗಟ್ಟಲೆ ಹೆಣೆದ ಶಾಲಿನ ಬೆಲೆ ಕೇಳಿದೊಡನೆ ಯಂತ್ರದ ಶಾಲಿನತ್ತ ತಿರುಗುವುದನ್ನು ಕಂಡಿದ್ದೇನೆ. ಗಂಟೆಗಳ ಲೆಕ್ಕದಲ್ಲಿ ಕೂಲಿ ಕೊಡಲು ಸಿದ್ಧರಿಲ್ಲದವರು ಈ ಕಲೆಯ ಅಳಿವಿನ ಬಗ್ಗೆ ಮರುಗುವುದು ನನಗೆ ಕೃತಕವೆನಿಸುತ್ತದೆ.

2010ರಲ್ಲಿ ಅಲ್ಲಿನ ಪ್ರಾಥಮಿಕ ಶಾಲೆಗಳಿಂದ ಹೆಣಿಗೆಯ ಪಾಠವನ್ನು ಸ್ಥಳೀಯ ಆಡಳಿತ ಕೈಬಿಟ್ಟಿತು. 2014ರಿಂದ ‘ಶೆಟ್ಲೆಂಡ್ ಪೀರಿ ಮೇಕರ್ಸ್’ ಎಂಬ ಯೋಜನೆ ಮಕ್ಕಳಿಗೆ ಉಚಿತವಾಗಿ ಹೆಣಿಗೆ ಕಲಿಸುತ್ತಿದೆ. ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಅಲ್ಲಿಯೂ ಕಲಿಸುವವರು ಸ್ವಯಂಸೇವಕರೇ.