ಹಗ್ಗ ಎಳೆದಷ್ಟೂ ಮುನಿಯುವ ಎಂಜಿನ್ನು

ರೋಹಿಣಿ ಮಳೆ ಎರಡು ಸಲ ಬಂದು ಹೋದರೆ ಸಾಕು, ಮಲೆನಾಡಿನ ಅಡಿಕೆ ತೋಟದಲ್ಲಿ ಹುಲ್ಲು ಮೊಣಕಾಲು ಮುಟ್ಟುತ್ತದೆ, ಅಟ್ಟದಲ್ಲಿದ್ದ ವೀಡ್ ಕಟರ್ ಅಂಗಳಕ್ಕೆ ಇಳಿಯುತ್ತದೆ. ಯಜಮಾನರು ಹಗ್ಗ ಎಳೆಯುತ್ತಾರೆ. ಸದ್ದಿಲ್ಲ. ಮಗ ಎಳೆಯುತ್ತಾನೆ. ಸದ್ದಿಲ್ಲ. ಊಟಕ್ಕೆಂದು ಬಂದ ಭಾವ, ‘ನೀವು ಎಳೆಯೋ ಕ್ರಮವೇ ಸರಿ ಇಲ್ಲ ಮಾರಾಯ್ರೆ’ ಎನ್ನುತ್ತ ಪಂಚೆ ಎತ್ತಿ ಕಟ್ಟಿ ಎಳೆದು, ಹಗ್ಗವನ್ನು ಹಿಡಿ ಸಮೇತ ಕಿತ್ತು ಕೈಗೆ ತಂದುಕೊಳ್ಳುತ್ತಾರೆ. ‘ಎಂಜಿನ್ ಹೋಯ್ತು’ ಎಂಬ ತೀರ್ಪು ಅಲ್ಲೇ ಹೊರಬೀಳುತ್ತದೆ.

ಹೋಗಿರುವುದಿಲ್ಲ. ಮನೆಯಲ್ಲಿ ಸಾಯುವ ಸಣ್ಣ ಎಂಜಿನ್‌ಗಳಲ್ಲಿ ಬಹಳಷ್ಟು ಸಾಯುವುದು ಕಾಯಿಲೆಯಿಂದಲ್ಲ, ಔಷಧಿಯಿಂದ.

ಮೊದಲ ಔಷಧಿ ಚೋಕ್, ಎಂಜಿನ್ನಿಗೆ ಹೋಗುವ ಗಾಳಿಯನ್ನು ತಡೆಯುವ ಪುಟ್ಟ ಬಾಗಿಲು. ತಣ್ಣಗಿರುವ ಎಂಜಿನ್‌ಗೆ ಚೋಕ್ ಮುಚ್ಚಿ ಮೂರ್ನಾಲ್ಕು ಸಲ ಎಳೆಯಬೇಕು, ಒಮ್ಮೆ ‘ಫಟ್’ ಎಂದ ಕೂಡಲೇ ಚೋಕ್ ತೆರೆದು ಮತ್ತೆ ಎಳೆಯಬೇಕು. ಸಲಹೆಗಾರರ ಗದ್ದಲದಲ್ಲಿ ಆ ‘ಫಟ್’ ಯಾರ ಕಿವಿಗೂ ಬಿದ್ದಿರುವುದಿಲ್ಲ. ಚೋಕ್ ಮುಚ್ಚಿದಂತೆಯೇ ಎಳೆಯುತ್ತ ಹೋದರೆ ಪ್ರತಿ ಎಳೆತಕ್ಕೂ ಇನ್ನಷ್ಟು ಪೆಟ್ರೋಲ್ ಒಳಗೆ ಇಳಿದು, ಕಿಡಿ ಹಾರಿಸುವ ಪ್ಲಗ್ ತೊಯ್ದು ತೊಪ್ಪೆಯಾಗುತ್ತದೆ. ಆಮೇಲೆ ಭೀಮನೇ ಬಂದು ಎಳೆದರೂ ಅಷ್ಟೆ. ಎಳೆಯುವುದನ್ನು ನಿಲ್ಲಿಸಿ, ಪ್ಲಗ್ ಬಿಚ್ಚಿ, ಚೋಕ್ ತೆರೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಎಂಟ್ಹತ್ತು ಸಲ ಹಗ್ಗ ಎಳೆದರೆ ಒಳಗಿನ ಪೆಟ್ರೋಲೆಲ್ಲ ಪ್ಲಗ್ಗಿನ ತೂತಿನಿಂದ ಹೊರಗೆ ಹಾರುತ್ತದೆ. ಆ ತೂತಿನ ಎದುರು ಮುಖ ಇಟ್ಟು ಬಗ್ಗಿ ನೋಡುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರನ್ನೂ ಅವರ ಬೀಡಿಯನ್ನೂ ಮೊದಲು ದೂರ ಕಳಿಸಿ.

ಬಿಚ್ಚಿದ ಪ್ಲಗ್ಗನ್ನು ಒರೆಸುವ ಮುಂಚೆ ಒಮ್ಮೆ ನೋಡಬೇಕು. ಕಾಫಿಪುಡಿ ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒದ್ದೆ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಒಣ ಮಸಿ ಹಿಡಿದಿದ್ದರೆ ಏರ್ ಫಿಲ್ಟರ್ ಕಟ್ಟಿದೆ, ಅಥವಾ ಚೋಕ್ ಅರ್ಧ ಮುಚ್ಚಿಯೇ ಓಡಿದೆ. ಇಷ್ಟು ಎಳೆದರೂ ಒಣಗಿದಂತೇ ಇದ್ದರೆ ಪೆಟ್ರೋಲ್ ಅಲ್ಲಿಯವರೆಗೆ ಬಂದೇ ಇಲ್ಲ.

ಅದನ್ನು ಖಚಿತಪಡಿಸಿಕೊಳ್ಳಲು ಸುಲಭದ ಪರೀಕ್ಷೆಯೊಂದಿದೆ. ಪ್ಲಗ್ಗಿನ ತೂತಿಗೆ ಎರಡು ಮಿ.ಲೀ.ನಷ್ಟು ಹೊಸ ಪೆಟ್ರೋಲ್ ಹಾಕಿ (ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಎಂಜಿನ್ ಆದರೆ ಬೆರೆಸಿದ್ದು), ಪ್ಲಗ್ ಬಿಗಿದು ಎಳೆಯಿರಿ. ಎರಡು ಸೆಕೆಂಡು ಬುರ್ ಎಂದು ನಿಂತರೆ ಕಿಡಿಯೂ ಸರಿ, ಕಂಪ್ರೆಶನ್ನೂ (ಪಿಸ್ಟನ್ ಗಾಳಿಯನ್ನು ಒತ್ತುವ ಬಲ) ಸರಿ. ತಪ್ಪು ಟ್ಯಾಂಕಿನಿಂದ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್‌ವರೆಗಿನ ಒಂದು ಗೇಣು ದಾರಿಯಲ್ಲಿದೆ. ಬುರ್ ಅನ್ನದಿದ್ದರೆ ಕಿಡಿ ನೋಡಿ. ಪ್ಲಗ್ಗಿಗೆ ಕ್ಯಾಪ್ ಸಿಕ್ಕಿಸಿ, ಅದರ ಲೋಹದ ಮೈಯನ್ನು ತೂತಿನಿಂದ ದೂರ ಎಂಜಿನ್ನಿಗೆ ತಾಗಿಸಿ ಎಳೆದರೆ ನೀಲಿ ಕಿಡಿ ಹಾರಬೇಕು. ಹೊಸ ಪ್ಲಗ್ಗಿಗೂ ಕಿಡಿ ಬರದಿದ್ದರೆ, ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ತರಲು ಪೇಟೆಗೆ ಓಡಬೇಡಿ. ಆಫ್ ಸ್ವಿಚ್ಚಿನಿಂದ ಬರುವ ತೆಳು ವೈರನ್ನು ಎಂಜಿನ್ ಹತ್ತಿರ ಬಿಡಿಸಿ ಇನ್ನೊಮ್ಮೆ ಎಳೆಯಿರಿ. ಹ್ಯಾಂಡಲ್ಲಿನ ಸಂದಿಯಲ್ಲಿ ಉಜ್ಜಿ ಸಿಪ್ಪೆ ಬಿಟ್ಟ ಆ ವೈರು ಪೈಪಿಗೆ ತಾಗಿ ಎಂಜಿನ್ನನ್ನು ಸದಾಕಾಲ ‘ಆಫ್’ ಮಾಡಿಯೇ ಇಟ್ಟಿರುತ್ತದೆ. ಇನ್ಸುಲೇಶನ್ ಟೇಪಿನ ಒಂದು ಸುತ್ತಿನಲ್ಲಿ ಮುಗಿಯುವ ಕೆಲಸಕ್ಕೆ ಎಷ್ಟು ಕಾಯಿಲ್‌ಗಳು ಮಾರಾಟವಾಗಿವೆಯೋ.

ಇನ್ನು ಪೆಟ್ರೋಲು. ಟ್ಯಾಂಕಿನಲ್ಲಿ ಹೋದ ವರ್ಷದ ಅರ್ಧ ಲೀಟರ್ ಇರುತ್ತದೆ, ಅದರ ಮೇಲೇ ಹೊಸದನ್ನು ಸುರಿಯುವುದು ನಮ್ಮ ಮಿತವ್ಯಯ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ-20 ಪೆಟ್ರೋಲಿನಲ್ಲಿ 20% ಎಥನಾಲ್ ಇದೆ. ಸಣ್ಣ ಎಂಜಿನ್‌ಗಳ ಪುಸ್ತಿಕೆಗಳು ಹೆಚ್ಚಾಗಿ 10% ಮೀರಬಾರದು ಎನ್ನುತ್ತವೆ. ಬಂಕಿನವರು ಪುಸ್ತಿಕೆ ಓದುವುದಿಲ್ಲ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಮಲೆನಾಡಿನಲ್ಲಿ ತೇವಕ್ಕೇನು ಬರವೇ? ನೀರು ಮಿತಿ ಮೀರಿತೆಂದರೆ ಎಥನಾಲನ್ನೂ ಜೊತೆಗೆ ಕರೆದುಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪೈಪಿನ ತುದಿಯ ಫಿಲ್ಟರ್ ಭಾರಕ್ಕೆ ಅದೇ ತಳದಲ್ಲಿ ಮಲಗಿದ್ದು, ಮೊದಲು ಹೀರುವುದೇ ಆ ನೀರನ್ನು. ಹಳೆಯದನ್ನು ಗಾಜಿನ ಬಾಟಲಿಗೆ ಬಗ್ಗಿಸಿ ಬೆಳಕಿಗೆ ಹಿಡಿಯಿರಿ. ತಳದಲ್ಲಿ ಬೇರೆ ಪದರ ಕಂಡರೆ, ಅಥವಾ ಹಳೇ ಪೇಂಟಿನ ವಾಸನೆ ಬಂದರೆ, ಅದರ ಆಸೆ ಬಿಡಿ. ಕೆಲಸವಿಲ್ಲದ ತಿಂಗಳುಗಳಿಗೆ ಮೆಷಿನ್ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ಪೆಟ್ರೋಲ್ ಎಳೆಯುವ ರಬ್ಬರ್ ಬಲ್ಬನ್ನು ನಾಲ್ಕು ಸಲ ಒತ್ತಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದ್ದರೆ ಈ ಪ್ಯಾರಾವೇ ಬೇಕಿರಲಿಲ್ಲ.

ಒಣಗಿದ ಪೆಟ್ರೋಲು ಅಂಟಾಗಿ ಕೂರುವುದು ಕಾರ್ಬೊರೇಟರ್‌ನಲ್ಲಿ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಈ ಸಾಮಾನು ಅಹಂಕಾರ ಇಳಿಸುವುದರಲ್ಲಿ ನಿಸ್ಸೀಮ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಪ್ರತಿ ಪದರಕ್ಕೂ ಒಂದು. ಕೆಲಸ ಅಂಚಿರುವ ಹರಿವಾಣದೊಳಗೇ ನಡೆಯಲಿ, ಮನೆಯವರ ಕಣ್ಣು ತಪ್ಪಿಸಿ. ಮುಚ್ಚಳದ ಅಡಿಯಲ್ಲಿ ಡಯಾಫ್ರಮ್ ಎಂಬ ತೆಳು ಪೊರೆ, ಅದರ ಕೆಳಗೆ ಸಣ್ಣ ಲಿವರ್, ಲಿವರಿನ ಅಡಿಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಸ್ಪ್ರಿಂಗ್. ಲಿವರಿನ ಸ್ಕ್ರೂ ಸಡಿಲಿಸಿದ ಕ್ಷಣ ಆ ಸ್ಪ್ರಿಂಗ್ ಹಾರುತ್ತದೆ. ಹರಿವಾಣವಿಲ್ಲದೆ ಜಗಲಿಯಲ್ಲಿ ಹಾರಿದ್ದು ಸಿಗುವುದಿಲ್ಲ. ಸಿಕ್ಕಿತು ಎಂದು ಕೂಗಿದವರ ಕೈಯಲ್ಲಿರುವುದು ಬಾಲ್‌ಪೆನ್ನಿನ ಸ್ಪ್ರಿಂಗ್. ಅದನ್ನು ಹಾಕಬೇಡಿ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಪೆಟ್ರೋಲ್ ಬರುವುದೇ ಇಲ್ಲ.

ಡಯಾಫ್ರಮ್ ಅಲ್ಲಾಡಿಸಿದಾಗ ಕಾಗದದ ಹಾಗೆ ಸದ್ದು ಬಂದರೆ ಅದು ಸೆಟೆದಿದೆ, ಬದಲಿಸಿ; ಪ್ಯಾಕಿಂಗ್ ಸಮೇತ ರಿಪೇರಿ ಕಿಟ್ ಸಿಗುತ್ತದೆ, ಅಂಗಡಿಗೆ ಹೋಗುವಾಗ ಹಳೆಯದನ್ನೇ ಒಯ್ಯಿರಿ. ಸಣ್ಣ ಜಾಲರಿಯನ್ನು ತೊಳೆಯಿರಿ. ರಬ್ಬರ್ ಭಾಗಗಳನ್ನೆಲ್ಲ ತೆಗೆದಿಟ್ಟ ಮೇಲಷ್ಟೇ ಕಾರ್ಬೊರೇಟರ್ ಕ್ಲೀನರ್ ಹೊಡೆಯಿರಿ. ತೂತುಗಳಿಗೆ ಸೇಫ್ಟಿ ಪಿನ್ ಚುಚ್ಚುವುದು ಊರಿನ ಸಂಪ್ರದಾಯ. ಆ ತೂತಿನ ಅಳತೆಯ ಮೇಲೇ ಪೆಟ್ರೋಲಿನ ಲೆಕ್ಕ ನಿಂತಿದೆ. ಪಿನ್ ಅದನ್ನು ಶಾಶ್ವತವಾಗಿ ತಿದ್ದುತ್ತದೆ. ಪೆಟ್ರೋಲಿನ ಪ್ರಮಾಣ ತಿದ್ದುವ ಹೊರಗಿನ ಎಚ್ ಮತ್ತು ಎಲ್ ಸ್ಕ್ರೂಗಳನ್ನು ಬಿಚ್ಚಲೇಬೇಕಾದರೆ ಮೊದಲು ಮೆಲ್ಲಗೆ ಒಳಕ್ಕೆ ಕೂರುವವರೆಗೆ ತಿರುಗಿಸಿ ಎಷ್ಟು ಸುತ್ತು ಎಂದು ಬರೆದಿಟ್ಟುಕೊಳ್ಳಿ. ‘ನೆನಪಿರುತ್ತೆ’ ಎಂಬ ಮಾತು ಈ ಸ್ಕ್ರೂಗಳ ವಿಷಯದಲ್ಲಿ ಈವರೆಗೆ ನಿಜವಾಗಿಲ್ಲ.

ಎಂಜಿನ್ ನಿಜವಾಗಿ ಸಾಯುವುದು ಆಯಿಲಿನ ಲೆಕ್ಕದಲ್ಲಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಮಾಡುವಾಗ ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಎಂದು ತಕ್ಕಡಿ ಹಿಡಿದು ನಿಲ್ಲುವ ಮನುಷ್ಯನೇ, ಟೂ ಸ್ಟ್ರೋಕ್ ಮೆಷಿನ್ನಿನ ಮುಂದೆ ‘ಒಂದು ಮುಚ್ಚಳ ಸಾಕು’ ಎನ್ನುತ್ತಾನೆ. ಯಾವ ಬಾಟಲಿಯ ಮುಚ್ಚಳ? ಪುಸ್ತಿಕೆ 50:1 ಎಂದರೆ ಲೀಟರಿಗೆ 20 ಮಿ.ಲೀ. 2ಟಿ ಆಯಿಲ್, 40:1 ಎಂದರೆ 25, 25:1 ಎಂದರೆ 40. ಕೆಮ್ಮಿನ ಔಷಧಿಯ ಅಳತೆ ಮುಚ್ಚಳ ಇದಕ್ಕೆ ಹೇಳಿ ಮಾಡಿಸಿದ್ದು, ಮತ್ತೆ ಔಷಧಿಗೆ ಬಳಸದಿದ್ದರಾಯಿತು. ಹೆಚ್ಚಾದರೆ ಹೊಗೆ, ಮಸಿ. ಕಡಿಮೆಯಾದರೆ ಪಿಸ್ಟನ್ನೇ ಹಿಡಿದುಕೊಳ್ಳುತ್ತದೆ. ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟಾಗ ಪಿಸ್ಟನ್ ಮೇಲೆ ಉದ್ದುದ್ದ ಗೀರು ಕಂಡರೆ ಅಲ್ಲಿಗೆ ಮನೆಯ ರಿಪೇರಿ ಮುಗಿಯಿತು.

ಫೋರ್ ಸ್ಟ್ರೋಕ್‌ನವರ ಗೋಳು ಬೇರೆ. ಹೋಂಡಾ ಜಿಎಕ್ಸ್35ರಂಥ 35.8 ಸಿಸಿ ಎಂಜಿನ್ನಿಗೆ ಹಿಡಿಸುವುದು ಬರೀ 100 ಮಿ.ಲೀ. ಆಯಿಲ್, ಬೇರೆಯೇ ಕೋಣೆಯಲ್ಲಿ, ಪೆಟ್ರೋಲಿಗೆ ಬೆರೆಸದೆ. ‘ಸ್ವಲ್ಪ ಜಾಸ್ತಿಯೇ ಇರಲಿ’ ಎಂದರೆ ಅದು ಏರ್ ಫಿಲ್ಟರಿಗೆ ಬರುತ್ತದೆ, ತೋಟವಿಡೀ ಬಿಳಿ ಹೊಗೆ. ಒಂದೇ ಮನೆಯಲ್ಲಿ ಎರಡೂ ಜಾತಿಯ ಮೆಷಿನ್ ಇದ್ದು, ಎರಡೂ ಪೆಟ್ರೋಲು ಒಂದೇ ಥರದ ನೀರಿನ ಬಾಟಲಿಗಳಲ್ಲಿದ್ದರೆ ಮುಂದಿನದನ್ನು ಊಹಿಸಿಕೊಳ್ಳಿ. ಬರೀ ಪೆಟ್ರೋಲು ಟೂ ಸ್ಟ್ರೋಕ್‌ಗೆ ಹೋದ ದಿನ ಎಂಜಿನ್ ಮೊದಲಿಗಿಂತ ಚುರುಕಾಗಿಯೇ ಓಡುತ್ತದೆ, ಕೆಲವೇ ನಿಮಿಷ.

ಸ್ಟಾರ್ಟ್ ಆಗಿ, ಸ್ವಲ್ಪ ಹೊತ್ತು ಓಡಿ, ನಿಲ್ಲುವ ಮೆಷಿನ್ ಇನ್ನೊಂದು ಬಗೆ. ನಿಂತಾಗ ಟ್ಯಾಂಕಿನ ಮುಚ್ಚಳ ತಿರುಗಿಸಿ. ‘ಸುಸ್’ ಎಂದು ಗಾಳಿ ಒಳಗೆ ಹೋಗಿ, ಮತ್ತೆ ಸ್ಟಾರ್ಟ್ ಆದರೆ ಮುಚ್ಚಳದ ಅಥವಾ ಟ್ಯಾಂಕಿನ ಗಾಳಿತೂತು ಕಟ್ಟಿದೆ. ಸ್ಟಾರ್ಟ್ ಆಗಿಯೂ ವೇಗ ಏರದಿದ್ದರೆ ಸೈಲೆನ್ಸರಿನ ಬಾಯಿಯ ಜಾಲರಿ ನೋಡಿ, ಮಸಿ ಕಟ್ಟಿರುತ್ತದೆ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೂ ಆ ಜಾಗ ಬಲು ಇಷ್ಟ.

ಅಮೆರಿಕದಲ್ಲಿ ಹುಲ್ಲುಹಾಸು ಸಾಕಿರುವ ನಮ್ಮವರಿಗೆ ಇದೇ ನಾಟಕ ಚಳಿ ಮುಗಿದ ಮೇಲೆ ಗ್ಯಾರೇಜಿನಲ್ಲಿ. ಅವರ ತಳ್ಳುವ ಮೆಷಿನ್ನಿನ ಬ್ಲೇಡು ಕಲ್ಲಿಗೋ ಬೇರಿಗೋ ಬಡಿದ ಮೇಲೆ ಸ್ಟಾರ್ಟ್ ಆಗದೆ ಹಗ್ಗ ಕೈಯನ್ನೇ ಹಿಂದಕ್ಕೆ ಎಳೆದರೆ, ಎಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲಿನ ಅಡಿಯ ಮೆದು ಲೋಹದ ಕೀ ಕತ್ತರಿಸಿಹೋಗಿ ಕಿಡಿಯ ಸಮಯ ತಪ್ಪಿರುತ್ತದೆ. ಚಿಲ್ಲರೆ ಕಾಸಿನ ಆ ಕೀ ಬದಲಿಸಿದರಾಯಿತು.

ಎಲ್ಲ ಸರಿಯಾಗಿ ಎಂಜಿನ್ ಗುಡುಗತೊಡಗಿದ ಮೇಲೆ ವೀಡ್ ಕಟರಿಗೆ ಹೊಸ ಬ್ಲೇಡ್ ಹಾಕುವ ಉತ್ಸಾಹ ಬರುತ್ತದೆ. ಎಂಜಿನ್ ನಿಲ್ಲಿಸಿ, ಪ್ಲಗ್ಗಿನ ಕ್ಯಾಪ್ ತೆಗೆದು, ಬ್ಲೇಡ್ ತಿರುಗಿಸುವ ಗೇರ್ ಹೆಡ್ಡಿನ ತೂತಿಗೆ ಎಲನ್ ಕೀ ತೂರಿಸಿ ಶಾಫ್ಟ್ ತಿರುಗದಂತೆ ತಡೆಯಿರಿ. ಬ್ಲೇಡ್ ಹಿಡಿದಿರುವ ನಟ್ಟಿನದು ಉಲ್ಟಾ ಥ್ರೆಡ್: ಗಡಿಯಾರದ ಮುಳ್ಳು ಹೋಗುವ ಕಡೆಗೆ ತಿರುಗಿಸಿದರೆ ಸಡಿಲ, ಎದುರು ದಿಕ್ಕಿಗೆ ಬಿಗಿ. ಇದು ಗೊತ್ತಿಲ್ಲದವರು ಬಿಚ್ಚುತ್ತಿದ್ದೇನೆಂದುಕೊಂಡು ಬಿಗಿಮಾಡುತ್ತ, ಬಗ್ಗದಿದ್ದಾಗ ಪಾನಾಕ್ಕೆ ಕಬ್ಬಿಣದ ಪೈಪ್ ಸಿಕ್ಕಿಸಿ ಜಗ್ಗುತ್ತಾರೆ. ಥ್ರೆಡ್ ಕಿತ್ತುಬಂದ ಮೇಲೆ ಬರೀ ನಟ್ ಕೊಡಿ ಎಂದು ಅಂಗಡಿಗೆ ಹೋದರೆ, ಅಂಗಡಿಯವರು ಏನೂ ಕೇಳದೆ ಗೇರ್ ಹೆಡ್ಡಿನ ಡಬ್ಬವನ್ನೇ ತೆಗೆದು ಮುಂದಿಡುತ್ತಾರೆ.